ದೂರವಿರುವವನ ಮನೆ, ಸೊಸೈಟಿಯ ಬಿಲ್ಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮುಂಬಯಿಯಲ್ಲಿ ನೆಲೆಸಿದ ನಾವು ಇದಕ್ಕೆ ಇನ್ನೊಂದನ್ನು ಸೇರಿಸಬಹುದು: ಆ ಮನೆಯನ್ನು ಬಿಟ್ಟು ಪರದೇಶಕ್ಕೆ ಹೋಗಿ ನೋಡು! ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿ, ಕಾಸಿಗೆ ಕಾಸು ಕೂಡಿಸಿ ಕೊಂಡ ಫ್ಲ್ಯಾಟು ಅದು. ಮಗನಿಗೆ ದುಬೈಯಲ್ಲೋ ಅಮೆರಿಕದಲ್ಲೋ ಕೆಲಸ ಸಿಗುತ್ತದೆ. ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಡುತ್ತಾನೆ. ಮುಂದಿನ ಬಿಲ್ಲಿನಲ್ಲಿ ‘ನಾನ್ ಆಕ್ಯುಪೆನ್ಸಿ ಚಾರ್ಜು’ ಎಂಬ ಹೊಸ ಸಾಲೊಂದು ಕಾಣಿಸಿಕೊಳ್ಳುತ್ತದೆ. ಒಡೆಯ ತಾನೇ ವಾಸವಾಗಿಲ್ಲ ಎಂಬುದಕ್ಕೆ ತೆರುವ ಹಣ ಇದು. ಇದು ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನ್ಯಾಯ ಎಂದು ತಿಳಿಯಲು ನೂರು ವರ್ಷಕ್ಕೂ ಹಿಂದೆ ಹೋಗಬೇಕು. ಆ ಕಥೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾನೂನನ್ನು ತಂದಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಒಗ್ಗೂಡಿಸಿ ಪತ್ತಿನ ಸಂಘ ಕಟ್ಟಿದರು. ಆದರೆ ಆ ಕಾನೂನು ಸಾಲ ಕೊಡುವ ಸಂಘಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮನೆ ಕಟ್ಟುವ ಸಂಘಕ್ಕೆ ಅಲ್ಲಿ ಎಡೆಯಿರಲಿಲ್ಲ. ಮೈಸೂರು ಸಂಸ್ಥಾನ 1905ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತ್ತು. ಹೀಗಾಗಿ 1909ರಲ್ಲಿ ಬೆಂಗಳೂರಿನಲ್ಲಿ ಗೃಹನಿರ್ಮಾಣ ಸಹಕಾರ ಸಂಘವೊಂದು ಮೊದಲು ಹುಟ್ಟಿತು. ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ 1912ರ ಹೊಸ ಕಾನೂನು ಬಂದ ಮೇಲೆ ದಾರಿ ತೆರೆಯಿತು.

ಆಗ ಮುಂಬಯಿಯಲ್ಲಿ ಮನೆಯೆಂಬುದು ಮಧ್ಯಮ ವರ್ಗದವರಿಗೆ ಗಗನಕುಸುಮವಾಗಿತ್ತು. 1896ರ ಪ್ಲೇಗಿನ ಬಳಿಕ ಇಕ್ಕಟ್ಟಾದ ವಸತಿಗಳ ಭೀತಿ ಜನರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ಶಿರಾಲಿಯ ಚಿತ್ರಾಪುರ ಮಠಕ್ಕೆ ನಡೆದುಕೊಳ್ಳುವ ಸಾರಸ್ವತರು ಕೆನರಾ ಜಿಲ್ಲೆಗಳಿಂದ ಬಂದು ಇಲ್ಲಿ ಕಚೇರಿಗಳಲ್ಲಿ ದುಡಿಯುತ್ತಿದ್ದರು. ಅವರಲ್ಲೊಬ್ಬರಾದ ಶ್ರೀಪಾದ ಸುಬ್ರಾವ್ ತಲಮಕಿ ಅವರ ಮುಂದಾಳ್ತನದಲ್ಲಿ 1915ರಲ್ಲಿ ಗಾಂವ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಸ್ಥಾಪನೆಯಾಯಿತು. ಕಟ್ಟಡದ ಒಡೆತನ ಸಂಘದ್ದು. ಸದಸ್ಯನೇ ಅಲ್ಲಿನ ವಾಸಿ. ಲಾಭಕೋರ ಮಾಲೀಕ ನಡುವೆ ಇಲ್ಲ; ತಗಲಿದ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು. ಇದೇ ಅದರ ಮೂಲಮಂತ್ರ.

ಈ ವ್ಯವಸ್ಥೆಯಲ್ಲಿ ಮನೆ ಇರುವುದು ವಾಸಕ್ಕಾಗಿ. ಬಾಡಿಗೆಗೆ ಕೊಡುವವನು ಅಪವಾದ. ಅವನಿಂದ ಒಂದಿಷ್ಟು ಹೆಚ್ಚು ಪಡೆಯುವುದರ ಹಿಂದಿನ ಭಾವನೆ ಇದೇ ಇರಬೇಕು. ಕಾಲ ಬದಲಾಯಿತು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆ, 1963ರ ಫ್ಲ್ಯಾಟು ಒಡೆತನದ ಕಾಯಿದೆ ಬಂದವು. ಬಿಲ್ಡರು ಕಟ್ಟಿ ಮಾರುವುದು, ಕೊಂಡವರು ಆಮೇಲೆ ಸೊಸೈಟಿ ರಚಿಸುವುದು ರೂಢಿಯಾಯಿತು. ಒಡೆಯರು ಪರವೂರು, ಪರದೇಶ ಸೇರಿದರು. ಸಭೆಯಲ್ಲಿ ಕೈಯೆತ್ತುವವರು ಇಲ್ಲಿರುವವರು. ಹಣ ತೆರುವವನು ದೂರದಲ್ಲಿರುವವನು. ಕೇಳುವವರಿಲ್ಲದ ಕಡೆ ಚಾರ್ಜು ಏರದೆ ಇದ್ದೀತೆ? ಕೆಲವು ಸೊಸೈಟಿಗಳಲ್ಲಿ ಇದು ಖರ್ಚಿನ ಪಾಲಾಗಿ ಉಳಿಯದೆ ಆದಾಯದ ಬಾಬತ್ತೇ ಆಯಿತು.

ಕೊನೆಗೆ ಮಹಾರಾಷ್ಟ್ರ ಸರಕಾರ 2001ರ ಆಗಸ್ಟ್ 1ರಂದು ಸಹಕಾರಿ ಕಾಯಿದೆಯ 79ಎ ಕಲಮಿನಡಿ ಆದೇಶ ಹೊರಡಿಸಿತು: ಈ ಚಾರ್ಜು ಸರ್ವಿಸ್ ಚಾರ್ಜಿನ ನೂರಕ್ಕೆ 10ನ್ನು ಮೀರಕೂಡದು, ಪುರಸಭೆಯ ತೆರಿಗೆಯನ್ನು ಆ ಲೆಕ್ಕಕ್ಕೆ ಸೇರಿಸಕೂಡದು. ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಮುಂತಾದ ಹತ್ತಿರದ ಬಂಧುಗಳು ವಾಸವಾಗಿದ್ದರೆ ಅದನ್ನು ಹಾಕುವಂತೆಯೇ ಇಲ್ಲ. ಸೊಸೈಟಿಯ ಸ್ವಾತಂತ್ರ್ಯಕ್ಕೆ ಇದು ಧಕ್ಕೆ ಎಂದು ವಾದಿಸಿದವರುಂಟು. ಆದರೆ 2007ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು.

ಇಷ್ಟನ್ನು ತಿಳಿದ ಮೇಲೆ ನಾವು ಮಾಡಬೇಕಾದದ್ದೇನು? ಮೊದಲು ಬಿಲ್ಲನ್ನು ಬಾಬತ್ತುವಾರು ಓದಬೇಕು. ಕಾವಲುಗಾರರ ಸಂಬಳ, ಮೆಟ್ಟಿಲ ದೀಪ, ಕಚೇರಿಯ ಖರ್ಚು ಇವು ಸರ್ವಿಸ್ ಚಾರ್ಜು. ಆಸ್ತಿ ತೆರಿಗೆ, ನೀರು, ಸಿಂಕಿಂಗ್ ಫಂಡು ಬೇರೆ. ತಿಂಗಳ ಸರ್ವಿಸ್ ಚಾರ್ಜು 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬಾಡಿಗೆಗೆ ಕೊಟ್ಟ ಮನೆಗೆ ಮೇಲೆ ಬೀಳಬಹುದಾದದ್ದು ಹೆಚ್ಚೆಂದರೆ 200. ಅದಕ್ಕೂ ಮಿಗಿಲಾದರೆ ಸಿಟ್ಟಿನಿಂದ ಇಡೀ ಬಿಲ್ಲನ್ನೇ ತಡೆಹಿಡಿಯುವುದು ಜಾಣತನವಲ್ಲ. ಬಾಕಿದಾರನೆನಿಸಿಕೊಂಡರೆ ಬಡ್ಡಿಯೂ ಏರುತ್ತದೆ, ನಮ್ಮ ಮಾತಿನ ತೂಕವೂ ಇಳಿಯುತ್ತದೆ. ತಕರಾರಿಲ್ಲದ ಮೊತ್ತವನ್ನು ಸಕಾಲದಲ್ಲಿ ಸಲ್ಲಿಸಿ, ಉಳಿದುದರ ಬಗ್ಗೆ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಿ, ಪತ್ರದ ಪ್ರತಿ ಇಟ್ಟುಕೊಳ್ಳಬೇಕು. ಉತ್ತರ ಬರದಿದ್ದರೆ ಆ ವಾರ್ಡಿನ ಸಹಕಾರಿ ಉಪನಿಬಂಧಕರ ಕಚೇರಿ ಇದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ದೂರವಿದ್ದರೂ ಲಿಫ್ಟು ನಡೆಯಬೇಕು, ಮಾಳಿಗೆ ಸೋರಬಾರದು, ಬಾಗಿಲಲ್ಲಿ ಕಾವಲಿರಬೇಕು. ಇವುಗಳಲ್ಲಿ ನಮ್ಮ ಪಾಲನ್ನು ಗೊಣಗದೆ ಕೊಡುವುದು ಧರ್ಮ. ನೆರೆಯವರೂ ನಮ್ಮ ಹಾಗೆ ಕಷ್ಟಪಟ್ಟು ಮನೆ ಮಾಡಿಕೊಂಡವರೇ. ಖರ್ಚು ಹಂಚಿಕೊಳ್ಳೋಣ, ಒಬ್ಬರ ಮೇಲೊಬ್ಬರು ಲಾಭ ಮಾಡುವುದು ಬೇಡ ಎಂದೇ ಗಾಂವ್‌ದೇವಿಯ ಹಿರಿಯರು ಸಂಘ ಕಟ್ಟಿದರು. ಊರು ಬಿಟ್ಟು ಬಂದು ನೆಲೆ ಕಂಡ ನಾವು, ಈ ಊರನ್ನೂ ಬಿಟ್ಟು ಹೋದ ಮಕ್ಕಳಿಗೆ ಮನೆಯ ಬೀಗದ ಕೈಯೊಡನೆ ಈ ತಿಳುವಳಿಕೆಯನ್ನೂ ಒಪ್ಪಿಸೋಣ.