ಚಳಿಜ್ವರದ ಗುಳಿಗೆ

ಬಾಣಾವರದಿಂದ ಹಳೇಬೀಡು, ಬೇಲೂರುಗಳನ್ನು ದಾಟಿ ಮುಂದೆ ನಡೆದರೆ ಮಲೆನಾಡು. ಡಿ.ಡಿ.ಟಿ. ಬರುವ ಮುನ್ನ ಅದು ಚಳಿಜ್ವರದ ಸೀಮೆ. ಅಲ್ಲಿನವರಿಗೆ ಕ್ವಿನೈನಿನ ಕಹಿ ಹೊಸದಲ್ಲ. ಅದೇ ಜ್ವರಕ್ಕೆಂದು ಹುಟ್ಟಿದ ಮದ್ದೊಂದು ಇಂದು ಬೇರೊಂದು ಬೇನೆಯವರ ಊರುಗೋಲಾಗಿರುವುದು ಸೋಜಿಗದ ಚರಿತ್ರೆ.

ಆ ಬೇನೆ ಲೂಪಸ್. ಲ್ಯಾಟಿನ್ನಿನಲ್ಲಿ ತೋಳ ಎಂದರ್ಥ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ಬೀಳುವ ಈ ರೋಗ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಇದು ಚರ್ಮಕ್ಕಷ್ಟೇ ನಿಲ್ಲದೆ ಒಳಗಿನ ಅಂಗಗಳನ್ನೂ ಹಿಡಿಯುತ್ತದೆಂದು ವಿಯೆನ್ನಾದ ಕಪೋಸಿಯವರು 1872ರಲ್ಲಿ ವಿವರಿಸಿದರು. 1894ರಲ್ಲಿ ಲಂಡನ್ನಿನ ಪೇನ್ ಎಂಬ ವೈದ್ಯರು ಇದಕ್ಕೆ ಕ್ವಿನೈನ್ ಕೊಟ್ಟು ನೋಡಿದರು. 1951ರಲ್ಲಿ ಪೇಜ್ ಎಂಬವರು ಮಲೇರಿಯಾದ ಮತ್ತೊಂದು ಮದ್ದಾದ ಮೆಪಾಕ್ರಿನ್ನಿನಿಂದ ಗುಣ ಕಂಡರು. 1955ರಲ್ಲಿ ಅಮೆರಿಕದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ನಿಗೆ ಒಪ್ಪಿಗೆ ದೊರೆಯಿತು.

2020ರ ಕೊರೋನಾ ಕಾಲದಲ್ಲಿ ಜನ ಈ ಗುಳಿಗೆಗೇ ಮುಗಿಬಿದ್ದರು; ನಿತ್ಯವೂ ಇದನ್ನೇ ನಂಬಿದ್ದ ಎಷ್ಟೋ ಲೂಪಸ್ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಚಳಿಜ್ವರಕ್ಕಾದರೆ ವೈದ್ಯರು ಹೇಳಿದಷ್ಟು ದಿನ ಪೂರ್ತಿ ನುಂಗಿದ ಮೇಲೆ ಗುಳಿಗೆಯನ್ನು ಬಿಡಬಹುದು. ಲೂಪಸ್ ಬಿಡುವ ಬೇನೆಯಲ್ಲ, ಹತೋಟಿಯಲ್ಲಿಡಬೇಕಾದ ಬೇನೆ. ಮೈ ಹಗುರಾಯಿತೆಂದು ತಾವಾಗಿ ಗುಳಿಗೆ ನಿಲ್ಲಿಸಬಾರದು. ವೈದ್ಯರು ಹೇಳಿದಾಗ ಕಣ್ಣು ತೋರಿಸಿಕೊಳ್ಳುವುದನ್ನೂ ಮರೆಯಬಾರದು.