ಕಡಿಸಿಕೊಂಡ ಹೇಂಟೆಯ ಕಥೆ



ಈ ಹೊತ್ತಿನ ಮಾತು ಮುಖ್ಯವಾಗಿ ತಾಯಂದಿರಿಗೆ. ಭತ್ತ ಅಡಿಕೆಯ ಲೆಕ್ಕ ಗಂಡಸರ ಕೈಯಲ್ಲಿದ್ದರೂ ಹಿತ್ತಲ ಕೋಳಿಯ ಲೆಕ್ಕ ನಮ್ಮ ಕಡೆ ಹೆಂಗಸರದೇ. ಮೊಟ್ಟೆ ಮಾರಿದ ಕಾಸಿನಲ್ಲಿ ಮಗುವಿನ ಪಾಟಿ ಪುಸ್ತಕ ಬರುತ್ತದೆ, ಸಂತೆಯ ಉಪ್ಪು ಮೆಣಸು ಬರುತ್ತದೆ. ಹೀಗಿರುವಾಗ ಒಂದು ಹೇಂಟೆ ಹೋಯಿತೆಂದರೆ ಸಣ್ಣ ನಷ್ಟ ಎನ್ನುವವರು ಆ ಕಾಸನ್ನು ಎಣಿಸಿದವರಲ್ಲ.

ಅರಬೈಲ್ ಘಟ್ಟವೆಂದರೆ ಹೊರಗಿನವರಿಗೆ ಹುಬ್ಬಳ್ಳಿ–ಅಂಕೋಲಾ ರಸ್ತೆಯ ತಿರುವುಗಳು, ಲಾರಿಗಳ ಸಾಲು, ಅಷ್ಟೇ. ರಸ್ತೆ ಬಿಟ್ಟು ಒಳಗೆ ಇಳಿದರೆ ಒಂದೊಂದು ಮನೆ ಒಂದೊಂದು ಗುಡ್ಡದ ಮಗ್ಗುಲಲ್ಲಿ; ಹಿತ್ತಲಿನ ಬೇಲಿ ಮುಗಿದಲ್ಲಿಂದಲೇ ಕಾಡು. ಕೆಲವು ವರ್ಷಗಳ ಹಿಂದೆ, ಮಳೆ ಹಿಂದಾಗುವ ಹೊತ್ತು, ಅಂಥ ಒಂದು ಮನೆಗೆ ನಾನು ಬೀಜದ ವಿಷಯ ಮಾತಾಡಲು ಹೋಗಿದ್ದೆ. ಮುಸ್ಸಂಜೆಯಲ್ಲಿ ಕಾಡುಬೆಕ್ಕು ಎಂಟು ಮರಿಗಳ ತಾಯಿ ಹೇಂಟೆಯನ್ನು ಹಿಡಿಯಿತು. ನಾಯಿ ಬೊಗಳಿತು, ಬೆಕ್ಕು ಬಿಟ್ಟು ಓಡಿತು. ಮನೆಯಾಕೆ ಹೇಂಟೆಯನ್ನು ತಂದು ನನ್ನ ಕೈಗೇ ಕೊಟ್ಟಳು. ಸರಕಾರದ ಮನುಷ್ಯನಲ್ಲವೆ! ನಾನು ರೆಕ್ಕೆ ಎತ್ತಿ ನೋಡಿದೆ. ಸೂಜಿ ಚುಚ್ಚಿದಂಥ ಎರಡು ತೂತು, ರಕ್ತವೂ ಹೆಚ್ಚಿಲ್ಲ. "ಏನೂ ಆಗಿಲ್ಲ ಅಕ್ಕಾ, ಅರಿಶಿನ ಹಚ್ಚಿ ಬಿಡಿ" ಅಂದೆ. ಮೂರು ದಿನ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಹೇಂಟೆ ಇರಲಿಲ್ಲ. ಮಾರನೆಯ ದಿನ ಸಂಜೆಗೇ ತಲೆ ಹಾಕಿತ್ತಂತೆ. ಆಕೆ ಬೈಯಲಿಲ್ಲ. "ಮೈಯೆಲ್ಲ ಹರಿದಿದ್ರೆ ಆ ರಾತ್ರೀನೇ ಸಾರಿಗಾದ್ರೂ ಆಗ್ತಿತ್ತು ಸಾಹೇಬ್ರೆ. ನೀವು ಏನೂ ಆಗಿಲ್ಲ ಅಂದ್ರಿ" ಅಂದಳು. ಅಷ್ಟೇ ಮಾತು.

ನನ್ನ ಡಿಪ್ಲೊಮಾ ಪುಸ್ತಕದಲ್ಲಿ ಕೋಳಿ ಆಹಾರದ ಪ್ರಮಾಣವಿತ್ತು, ಗೂಡಿನ ಅಳತೆಯಿತ್ತು. ಕಡಿಸಿಕೊಂಡ ಕೋಳಿಗೆ ಏನು ಮಾಡಬೇಕೆಂಬ ಒಂದು ಸಾಲೂ ಇರಲಿಲ್ಲ. ಯಾಕೆ ಇರಲಿಲ್ಲವೆಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಈ ಕಥೆ.

ಕೋಳಿಯ ಮೂಲ ಕಾಡೇ. ಮನೆಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಭತ್ತದ ಕಾಳಿನ ಆಸೆಗೆ ಅದು ಊರಿನ ಹತ್ತಿರ ಬಂದು ಪಳಗಿತೆಂದೂ, ತಿಳಿದಮಟ್ಟಿಗೆ ಅತಿ ಹಳೆಯ ಸಾಕುಕೋಳಿಯ ಮೂಳೆಗಳು ಥಾಯ್ಲೆಂಡಿನವೆಂದೂ ಹೇಳಿತು. ಆದರೆ ನಮ್ಮದೂ ಒಂದು ಪಾಲುಂಟು. ಬೆಳಗಿನ ಜಾವ ಘಟ್ಟದಲ್ಲಿ ಕೂಗುವ ಬೂದು ಬಣ್ಣದ ಕಾಡುಕೋಳಿಯನ್ನು ನೀವೆಲ್ಲ ಬಲ್ಲಿರಿ. ಮನೆಕೋಳಿಯ ಹಳದಿ ಕಾಲು, ಹಳದಿ ಚರ್ಮ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಂಶವಾಹಿ ಪರೀಕ್ಷೆಯಿಂದ ಗೊತ್ತಾಯಿತು. ಅಂದರೆ ನಿಮ್ಮ ಹಿತ್ತಲ ಹೇಂಟೆಗೆ ಬೇಲಿಯಾಚೆ ನೆಂಟರೂ ಇದ್ದಾರೆ, ಶತ್ರುಗಳೂ ಇದ್ದಾರೆ.

ಇನ್ನು ಗಾಯದ ಮಾತು. ಹಿಂದಿನವರಿಗೆ ಕೋಳಿಯ ಗಾಯ ಗುಣಪಡಿಸಲು ಬರುತ್ತಿರಲಿಲ್ಲವೆ? ಬರುತ್ತಿತ್ತು. ಆದರೆ ಹುಂಜಕ್ಕೆ ಮಾತ್ರ! ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಹುಂಜದ ಕಾಳಗವೂ ಅರಸರ ವಿನೋದಗಳಲ್ಲೊಂದಾಗಿ ಬರುತ್ತದೆ. ನಮ್ಮ ಕರಾವಳಿಯ ಕೋಳಿ ಅಂಕದಲ್ಲಿ ಬಾಳು ತಗಲಿ ಹರಿದ ಹುಂಜವನ್ನು ಅಲ್ಲೇ ಸೂಜಿ ದಾರದಿಂದ ಹೊಲಿದು, ನೀರು ಕುಡಿಸಿ, ತಿಂಗಳುಗಟ್ಟಲೆ ಆರೈಕೆ ಮಾಡುವವರಿದ್ದರು. 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯಲ್ಲಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಅಪರಾಧವಾಯಿತು, ಅದು ಸರಿಯೇ. ನಾನು ಹೇಳುವುದು ಬೇರೆ. ಹುಂಜದಲ್ಲಿ ಗಂಡಸರ ಮಾನವಿತ್ತು, ಆದ್ದರಿಂದ ಅದಕ್ಕೆ ಹೊಲಿಗೆ ಬಿತ್ತು. ಮೊಟ್ಟೆಯಿಡುವ ಹೇಂಟೆಗೆ ಕತ್ತಿ ಬಿತ್ತು.

ಹೇಂಟೆಗೆ ಮದ್ದು ಮಾಡಿದ್ದೇನಾದರೂ ಇದ್ದರೆ ಅದು ಅಡಿಗೆಮನೆಯಿಂದಲೇ: ಅರಿಶಿನ, ಕೊಬ್ಬರಿ ಎಣ್ಣೆ, ಒಲೆಯ ಬೂದಿ. ಅರಿಶಿನವನ್ನು ಹಗುರವಾಗಿ ನೋಡಬೇಡಿ. ಗಾಯಕ್ಕೆ ಅರಿಶಿನ ಹಚ್ಚುವುದನ್ನು ಹೊಸ ಶೋಧವೆಂದು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು! ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯವರು ಹಳೆಯ ಗ್ರಂಥಗಳ ಆಧಾರ ಹಿಡಿದು ತಕರಾರು ಹೂಡಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಗೀರು ಗಾಯಕ್ಕೆ ಅರಿಶಿನ ಒಳ್ಳೆಯದೇ. ಆದರೆ ತೊಳೆಯದ ತೂತಿನ ಮೇಲೆ ಅದನ್ನು ಮೆತ್ತಿದರೆ ಕೊಳೆ ಒಳಗೇ ಉಳಿಯುತ್ತದೆ. ನಾನು ಹೇಳಿಕೊಟ್ಟದ್ದು ಇದನ್ನೇ.

ಸರಕಾರದ ಪಶುವೈದ್ಯ ಏನು ಮಾಡುತ್ತಿದ್ದ ಅಂತೀರಾ? ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿಯ ಪಶುವೈದ್ಯ ಕಾಲೇಜು 1886ರಲ್ಲಿ ಆರಂಭವಾಯಿತು. ಆ ಕಾಲದ ಪಶುವೈದ್ಯಕ್ಕೆ ಕುದುರೆ ಮೊದಲು, ಎತ್ತು ಎಮ್ಮೆ ಆಮೇಲೆ. ದನಗಳ ದೊಡ್ಡರೋಗ ಊರೂರನ್ನೇ ಬರಿದು ಮಾಡುತ್ತಿದ್ದ ದಿನಗಳವು. ಕೋಳಿಯ ಕಡೆ ನೋಡಲು ಯಾರಿಗೆ ಪುರುಸೊತ್ತು? 1927ರಲ್ಲಿ ಹಿಮಾಲಯದ ರಾಣೀಖೇತದಲ್ಲಿ ಕೋಳಿಗಳು ಗುಂಪುಗುಂಪಾಗಿ ಸತ್ತವು. ಆ ಊರಿನ ಹೆಸರೇ ರೋಗಕ್ಕೂ ಬಿತ್ತು. 1940ರ ದಶಕದಲ್ಲಿ ಮುಕ್ತೇಶ್ವರದ ಪ್ರಯೋಗಾಲಯದಿಂದ ಅದಕ್ಕೆ ಲಸಿಕೆಯೂ ಬಂತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ, ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಶುರುವಾದವು. ಗ್ರಾಮಸೇವಕನು ಮನೆಬಾಗಿಲಿಗೆ ಬಂದ. ಹೀಗೆ ಹಿಂಡಿಗೆ ಬರುವ ರೋಗಕ್ಕೆ ಲಸಿಕೆ ಸಿಕ್ಕಿತು. ಆದರೆ ಬೆಕ್ಕು ಹಿಡಿದ ಒಂದೇ ಒಂದು ಕೋಳಿ ಯಾವ ಯೋಜನೆಯ ಲೆಕ್ಕಕ್ಕೂ ಬರಲಿಲ್ಲ.

ಇದರಲ್ಲಿ ಒಂದು ವಿಚಿತ್ರವುಂಟು. ಬೆಕ್ಕು ಕಚ್ಚಿದ ಕೋಳಿ ಎರಡನೆಯ ದಿನ ಸಾಯುವುದು ಗಾಯದ ಗಾತ್ರದಿಂದಲ್ಲ, ಬೆಕ್ಕಿನ ಹಲ್ಲಿನಲ್ಲಿರುವ ರೋಗಾಣುವಿನಿಂದ. ಹೆಚ್ಚಿನ ಬೆಕ್ಕುಗಳ ಬಾಯಲ್ಲಿ ಇರುವ ಆ ಅಣುವಿನ ಹೆಸರು ಪಾಶ್ಚರೆಲ್ಲಾ. ಸೂಜಿಯಂಥ ಹಲ್ಲು ಅದನ್ನು ಆಳಕ್ಕೆ ಇಳಿಸುತ್ತದೆ, ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ, ಒಳಗೆ ರಕ್ತ ನಂಜಾಗುತ್ತದೆ. ಇದೇ ಅಣು ಕೋಳಿಗಳ ಕಾಲರಾ ರೋಗಕ್ಕೂ ಕಾರಣ. ಫ್ರಾನ್ಸಿನ ಲೂಯಿ ಪಾಶ್ಚರ್ ಅವರು ಅದನ್ನು ಕೋಳಿಮಾಂಸದ ಸಾರಿನಲ್ಲಿ ಬೆಳೆಸಿ, ಹಳೆಯದಾಗಿ ಬಲಗುಂದಿದ ಅಣುವನ್ನು ಕೋಳಿಗಳಿಗೆ ಚುಚ್ಚಿದರು. ಅವು ಸಾಯಲಿಲ್ಲ; ಆಮೇಲೆ ಬಲವಾದ ಅಣು ಚುಚ್ಚಿದರೂ ತಡೆದುಕೊಂಡವು. ಇದನ್ನು ಅವರು ಪ್ರಕಟಿಸಿದ್ದು 1880ರಲ್ಲಿ. ರೋಗಾಣುವನ್ನೇ ಬಲಗುಂದಿಸಿ ಲಸಿಕೆ ಮಾಡುವ ದಾರಿ ತೆರೆದದ್ದು ಹೀಗೆ. 1887ರಲ್ಲಿ ಅಣುವಿಗೆ ಅವರ ಹೆಸರನ್ನೇ ಇಟ್ಟರು. ಮುಂದೆ 1890ರ ದಶಕದಲ್ಲಿ ಜಾವಾದ ಬಟೇವಿಯಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು, ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿಯಿಂದ ಅವು ಚೇತರಿಸುವುದನ್ನೂ ಕಂಡರು. ಬೆರಿಬೆರಿ ರೋಗದ ಗುಟ್ಟು ಬಿಡಿಸಲು ನೆರವಾದ ಆ ಕೆಲಸಕ್ಕೆ 1929ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂತು. ಮನುಷ್ಯನ ವೈದ್ಯಕ್ಕೆ ಇಷ್ಟು ಕೊಟ್ಟ ಪ್ರಾಣಿ ಅದು.

ಅಣುವನ್ನು ಕೊಲ್ಲುವ ಮದ್ದು ಮಾತ್ರ ನಿಧಾನವಾಗಿ ಬಂತು. 1867ರಲ್ಲಿ ಇಂಗ್ಲೆಂಡಿನ ಲಿಸ್ಟರ್ ಅವರು ಕಾರ್ಬಾಲಿಕ್ ಆಮ್ಲದಿಂದ ಗಾಯ ಶುದ್ಧಮಾಡುವುದನ್ನು ತೋರಿಸಿದರು. ನಮ್ಮಲ್ಲಿ ಆ ವಿದ್ಯೆಯ ಬಾಲ ಹಿಡಿದು ಕೆಲವರು ಇವತ್ತಿಗೂ ಕೋಳಿಗಾಯಕ್ಕೆ ಫಿನಾಯಿಲ್ ಸುರಿಯುತ್ತಾರೆ, ಚಿಮಣಿ ಎಣ್ಣೆ ಹಾಕುತ್ತಾರೆ. ಖಂಡಿತ ಕೂಡದು, ಮಾಂಸ ಸುಡುತ್ತದೆ. 1930ರ ದಶಕದಲ್ಲಿ ಸಲ್ಫಾ ಮದ್ದು, ಆಮೇಲೆ ಪೆನಿಸಿಲಿನ್. ಪುಣೆಯ ಬಳಿ ಪಿಂಪ್ರಿಯಲ್ಲಿ ಸರಕಾರದ ಪೆನಿಸಿಲಿನ್ ಕಾರ್ಖಾನೆ 1955ರಲ್ಲಿ ಉತ್ಪಾದನೆ ಆರಂಭಿಸಿದಾಗ ನಮ್ಮ ಜಿಲ್ಲೆಯೂ ಅದೇ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮದ್ದು ಅಷ್ಟು ಹತ್ತಿರ ಬಂದರೂ ಹಿತ್ತಲ ಹೇಂಟೆಯ ತನಕ ಅದನ್ನು ಒಯ್ಯುವ ಕೈ ಇರಲಿಲ್ಲ.

ತಳಿ ಮಾಡುವವರು ಮಾತ್ರ ಬೇಟೆಪ್ರಾಣಿಯ ಮಾತನ್ನು ತಡವಾಗಿಯಾದರೂ ಲೆಕ್ಕಕ್ಕೆ ತಂದರು. ಮೊದಲು ಹಂಚಿದ್ದು ಬಿಳಿ ಲೆಗಾರ್ನ್. ಮೊಟ್ಟೆ ಸೊಗಸು, ಆದರೆ ಹಸಿರು ಕಾಡಿನಂಚಿನಲ್ಲಿ ಬಿಳಿ ಕೋಳಿಯೆಂದರೆ ಗಿಡುಗಕ್ಕೆ ದೂರದಿಂದಲೇ ಕಾಣುವ ಬಾವುಟ. 1980ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬಣ್ಣದ ಗರಿಯ ಗಿರಿರಾಜ ತಳಿ ತಂದರು, ಅದು ಮೈಭಾರದ್ದು. 2005ರಲ್ಲಿ ಬಂದ ಸ್ವರ್ಣಧಾರಾ ತೂಕದಲ್ಲಿ ಅದಕ್ಕಿಂತ ಹಗುರ, ವರ್ಷಕ್ಕೆ ಸುಮಾರು 180–190 ಮೊಟ್ಟೆ, ನರಿ ಕಾಡುಬೆಕ್ಕುಗಳಿಂದ ಓಡಿ ತಪ್ಪಿಸಿಕೊಳ್ಳಲು ಅನುಕೂಲ. ಓಟದಲ್ಲಿ ನಮ್ಮ ನಾಟಿ ಹೇಂಟೆಯನ್ನು ಮೀರಿಸುವುದು ಯಾವುದೂ ಇಲ್ಲವೆಂದು ನನ್ನ ಅಭಿಪ್ರಾಯ.

ಕಳೆದ ವರ್ಷ ಅದೇ ಮನೆಯಲ್ಲಿ ಮತ್ತೊಂದು ಹೇಂಟೆಯನ್ನು ಬೆಕ್ಕು ಹಿಡಿಯಿತು. ಈ ಸಲ ನಾವು ಮಾಡಿದ್ದನ್ನು ಹಾಗೆಯೇ ಹೇಳುತ್ತೇನೆ. ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸಲಿಲ್ಲ. ಹಳೇ ಪಂಚೆಯಲ್ಲಿ ಸಡಿಲವಾಗಿ ಸುತ್ತಿದೆವು. ಎದೆ ಒತ್ತಬಾರದು, ಕೋಳಿ ಉಸಿರಾಡುವುದು ಎದೆಮೂಳೆ ಆಡಿಸಿ, ಒತ್ತಿದರೆ ಉಸಿರೇ ನಿಲ್ಲುತ್ತದೆ. ರಕ್ತ ಬರುವಲ್ಲಿ ಶುದ್ಧ ಬಟ್ಟೆ ಇಟ್ಟು ಕೆಲವು ನಿಮಿಷ ಒತ್ತಿ ಹಿಡಿದೆವು. ಆಮೇಲೆ ಗರಿ ಸರಿಸಿ ಮೈಯೆಲ್ಲ ಬೆರಳಾಡಿಸಿ ಹುಡುಕಿದರೆ, ಕಂಡದ್ದು ಎರಡು ತೂತು, ಕಾಣದೆ ಇದ್ದದ್ದು ಇನ್ನೂ ಎರಡು! ಸುತ್ತಲಿನ ಗರಿ ಕತ್ತರಿಸಿ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಹದ ಚಮಚ ಉಪ್ಪು ಹಾಕಿ ಚೆನ್ನಾಗಿ ತೊಳೆದೆವು. ಗಾಯದಿಂದ ಗಾಳಿಗುಳ್ಳೆ ಬರುತ್ತಿದ್ದರೆ ಮಾತ್ರ ನೀರು ಬಿಡಬೇಡಿ. ಕೋಳಿಯ ಮೈತುಂಬ ಗಾಳಿಚೀಲಗಳಿವೆ, ನೀರು ಅಲ್ಲಿಗೆ ಇಳಿದೀತು. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಮದ್ದನ್ನು ಕಣ್ಣ ಚಹದ ಬಣ್ಣ ಬರುವಷ್ಟು ತೆಳ್ಳಗೆ ಮಾಡಿ ಹಚ್ಚಿದೆವು.

ಒಂದು ಹೆಡಿಗೆಗೆ ಒಣಹುಲ್ಲು ಹಾಸಿ, ಮೇಲೆ ಗೋಣಿತಾಟು ಹೊದಿಸಿ, ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಇಟ್ಟೆವು. ಹೆದರಿದ ಕೋಳಿಗೆ ಕತ್ತಲೆ, ಬೆಚ್ಚಗೆ, ಸದ್ದಿಲ್ಲದ ಜಾಗ ಅರ್ಧ ಮದ್ದು. ಗಂಟಲಿಗೆ ನೀರು ಹೊಯ್ಯಲಿಲ್ಲ. ಕೊಕ್ಕಿನ ಬದಿಗೆ ಒಂದೊಂದೇ ಹನಿ ಮುಟ್ಟಿಸಿದರೆ ತಾನೇ ನುಂಗಿತು. ಬೆಳಿಗ್ಗೆ 1962 ಸಂಖ್ಯೆಗೆ ಫೋನು ಮಾಡಿದೆವು. ಪಶುವೈದ್ಯರು ನೋಡಿ ರೋಗಾಣು ನಿರೋಧಕ ಮದ್ದು ಕೊಟ್ಟರು. ಬೆಕ್ಕು ಕಚ್ಚಿದರೆ ಗಾಯ ಸಣ್ಣದೆಂದು ಕಾಯಬೇಡಿ, ಒಂದು ದಿನದೊಳಗೆ ಈ ಮದ್ದು ಬೀಳಬೇಕು. ಮನುಷ್ಯರ ಮಾತ್ರೆ ಪುಡಿಮಾಡಿ ಹಾಕುವುದು ಬೇಡ. ಮದ್ದಿನ ಮೊಟ್ಟೆಯನ್ನು ವೈದ್ಯರು ಹೇಳಿದಷ್ಟು ದಿನ ತಿನ್ನಬಾರದು, ಮಾರಲೂಬಾರದು. ಬಿಡಿಸುವ ಗಡಿಬಿಡಿಯಲ್ಲಿ ಬೆಕ್ಕೋ ಮುಂಗುಸಿಯೋ ನಿಮಗೇ ಪರಚಿದ್ದರೆ, ಕೋಳಿಯನ್ನು ಬದಿಗಿಟ್ಟು, ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದುಕೊಂಡು ಆಸ್ಪತ್ರೆಗೆ ಹೋಗಿ. ಹುಚ್ಚುರೋಗದ ಲಸಿಕೆ ಬೇಕಾದೀತು. ಸಿಟ್ಟಿನಲ್ಲಿ ಉರುಲು, ವಿಷ ಇಡುವಂತಿಲ್ಲ. ಆ ಪ್ರಾಣಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಕರುಳು ಹೊರಬಿದ್ದದ್ದು, ಬೆನ್ನುಮೂಳೆ ಮುರಿದದ್ದು ಆದರೆ ನರಳಿಸದೆ ಮುಗಿಸುವುದೇ ದಯೆ. ಅದನ್ನೂ ಹೇಳಬೇಕು.

ನಮ್ಮ ಹೇಂಟೆ ಮೂರನೆಯ ದಿನ ನೆನೆಸಿದ ನುಚ್ಚು ತಿಂದಿತು. ಗಾಯಕ್ಕೆ ನೊಣ ಕೂತು ಹುಳ ಬೀಳದಂತೆ ಹೆಡಿಗೆಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೆವು. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಗಳ ಗುಣ. ಅದಕ್ಕೆ ಗಾಯ ಪೂರ್ತಿ ಒಣಗುವ ತನಕ ಹಿಂಡಿಗೆ ಬಿಡಲಿಲ್ಲ. ಬಿಡುವಾಗಲೂ ಮುಸ್ಸಂಜೆಯಲ್ಲಿ, ಉಳಿದವು ಗೂಡು ಸೇರಿದ ಮೇಲೆ ಬಿಟ್ಟೆವು. ಮೊಟ್ಟೆ ಬಹಳ ದಿನ ಇಡಲಿಲ್ಲ. ಮನೆಯ ಯಜಮಾನರು ಇನ್ನು ಇದು ಮಾರಾಟಕ್ಕೆ ಅಂದರು. ಆಕೆ ಕೇಳಲಿಲ್ಲ. ಹೊಸ ಗರಿ ಬಂದ ಮೇಲೆ ಅದು ಮತ್ತೆ ಮೊಟ್ಟೆಗೆ ಕೂತಿತು. ಆ ಹೆಡಿಗೆ ಈಗಲೂ ಆ ಮೂಲೆಯಲ್ಲೇ ಇದೆ, ಪಕ್ಕದಲ್ಲಿ ಅಯೋಡಿನ್ ಶೀಶೆ.