ಚುಕ್ಕಿಗೆರೆಯಗುಂಟ ಕತ್ತರಿಸಿ

ನಮ್ಮ ಅಜ್ಜಯ್ಯ ಕೂಪನ್ನನ್ನು ಎಂದೂ ಕತ್ತರಿಸಿದವರಲ್ಲ. ವಾರಪತ್ರಿಕೆ ನಮ್ಮ ಮನೆಯಲ್ಲಿ ಓದಿ ಮುಗಿದ ಮೇಲೆ ಮೇಲಿನಮನೆಗೆ, ಅಲ್ಲಿಂದ ಶಾಲೆಯ ಮೇಷ್ಟರಿಗೆ ಹೋಗಬೇಕಿತ್ತು. ಕೂಪನ್ನಿನ ಬೆನ್ನಿಗೆ ಯಾವಾಗಲೂ ಧಾರಾವಾಹಿಯ ಒಂದು ತುಂಡು ಇರುತ್ತಿತ್ತು. ಅದಕ್ಕೇ ಅವರು ಹಾಳೆಯೊಂದರ ಮೇಲೆ ರೂಲುದೊಣ್ಣೆ ಇಟ್ಟು ಚೌಕ ಎಳೆದು, ಕೂಪನ್ನನ್ನು ಇದ್ದ ಹಾಗೇ ನಕಲು ಮಾಡಿ, ಅದರೊಳಗೆ ತಮ್ಮ ಹೆಸರು ವಿಳಾಸ ತುಂಬಿ ಲಕೋಟೆಗೆ ಹಾಕುತ್ತಿದ್ದರು. ಕಂಪನಿಯ ವಿಳಾಸದಲ್ಲಿ ‘ವಿಭಾಗ 7’ ಅಂತ ಇದ್ದರೆ ಅದನ್ನೂ ಬಿಡುತ್ತಿರಲಿಲ್ಲ. “ಏಳನೇ ಕೋಣೆಯವರ ಕೈಗೆ ಹೋಗದಿದ್ರೆ ಕಾಗದ ಅಲ್ಲೇ ಗೆದ್ದಲು ಹಿಡಿಯುತ್ತೆ ಮಾರಾಯ್ತಿ” ಅನ್ನುವರು.

ಏಳನೇ ಕೋಣೆ ಎಂಬುದೇ ಇರಲಿಲ್ಲ ಎಂದು ನನಗೆ ತಿಳಿದದ್ದು ಬೆಂಗಳೂರಿಗೆ ಬಂದು ಜಾಹೀರಾತಿನ ಕೆಲಸಕ್ಕೆ ಸೇರಿದ ಮೇಲೆ. ಒಂದೇ ಜಾಹೀರಾತನ್ನು ಏಳೆಂಟು ಪತ್ರಿಕೆಗಳಿಗೆ ಕೊಡುವಾಗ ಒಂದೊಂದಕ್ಕೂ ಬೇರೆ ಬೇರೆ ವಿಭಾಗದ ಸಂಖ್ಯೆ ಹಾಕುವುದು ಹಳೆಯ ಉಪಾಯ. ಕಾಗದ ಬಂದಾಗ ಸಂಖ್ಯೆ ನೋಡಿದರೆ ಸಾಕು, ಯಾವ ಪತ್ರಿಕೆಗೆ ಕೊಟ್ಟ ದುಡ್ಡು ಕಾಗದ ತಂದಿತು, ಯಾವುದು ನೀರಿಗೆ ಹೋಯಿತು ಎಂದು ಗುಮಾಸ್ತನೇ ಹೇಳಬಲ್ಲ. ನಾನು ಇವತ್ತು ಲ್ಯಾಂಡಿಂಗ್ ಪೇಜಿನ ಕೊಂಡಿಯ ಬಾಲಕ್ಕೆ ಅಂಟಿಸುವ ಗುರುತುಗಳು ಮಾಡುವುದೂ ಇದೇ ಕೆಲಸವನ್ನು. ಒಂದು ಜಾಹೀರಾತು, ಅದನ್ನು ಒತ್ತಿದವರು ಬಂದಿಳಿಯುವ ಒಂದೇ ಪುಟ, ಆ ಪುಟದಲ್ಲಿ ಹೆಸರು-ಫೋನು ಕೇಳುವ ಒಂದು ಫಾರ್ಮು. ತುಂಬಿ ಕಳಿಸಿದ ಒಂದೊಂದು ಹೆಸರಿಗೂ ನಮ್ಮ ಭಾಷೆಯಲ್ಲಿ ‘ಲೀಡ್’ ಎಂದು ಹೆಸರು. ಹೊಸ ಕಾಲದ ವಿದ್ಯೆ ಎಂದು ಕಾಲೇಜು ಮುಗಿಸಿ ಬಂದ ಹುಡುಗರು ನಂಬಿದ್ದಾರೆ. ಅಲ್ಲ ಅನ್ನುವುದಕ್ಕೆ ಮನಸ್ಸು ಬರುವುದಿಲ್ಲ.

ಕೂಪನ್ನನ್ನು ವಿದ್ಯೆ ಮಾಡಿದವರು ಅಮೆರಿಕದ ಅಂಚೆ ವ್ಯಾಪಾರಿಗಳು. 1872ರಲ್ಲಿ ಷಿಕಾಗೋದ ಮಾಂಟ್ಗೊಮೆರಿ ವಾರ್ಡ್ ಒಂದೇ ಹಾಳೆಯ ಬೆಲೆಪಟ್ಟಿಯನ್ನು ರೈತರಿಗೆ ಕಳಿಸಿದ. 1896ರಿಂದ ಅಲ್ಲಿನ ಅಂಚೆಯವನು ಹಳ್ಳಿಮನೆಗಳ ಬಾಗಿಲಿಗೇ ಹೋಗತೊಡಗಿದ. ದೂರದ ಅಂಗಡಿಗೆ ಹೆಸರು ಬರೆದು ಕಳಿಸುವುದು ಹಳ್ಳಿಗರಿಗೆ ರೂಢಿಯಾಯಿತು. ಕೂಪನ್ನಿನ ವಿದ್ಯೆ ಬಲ್ಲವರಲ್ಲಿ ನನಗೆ ಬಲು ಇಷ್ಟದವನು ಕ್ಲಾಡ್ ಹಾಪ್ಕಿನ್ಸ್. ಲಾರ್ಡ್ ಅಂಡ್ ಥಾಮಸ್ ಎಂಬ ಏಜೆನ್ಸಿಯಲ್ಲಿ ಜಾಹೀರಾತು ಬರೆಯುತ್ತಿದ್ದ. ಸಂಬಳ ವರ್ಷಕ್ಕೆ 1,85,000 ಡಾಲರ್. ಬಳಪ ಹಿಡಿದ ಕವಿಯಲ್ಲ, ಖಾತೆ ಹಿಡಿದ ಶಾನುಭೋಗ ಅವನು. ಪೆಪ್ಸೊಡೆಂಟ್ ಹಲ್ಲುಪೇಸ್ಟಿನ ಹತ್ತು ದಿನದ ಮಾದರಿ ಟ್ಯೂಬನ್ನು ಕೂಪನ್ ಕಳಿಸಿದವರಿಗೆ ಪುಕ್ಕಟೆ ಕೊಡಿಸಿದ. ಮನೆಮನೆಗೆ ಎಸೆದು ಬರುವುದು ಮಾತ್ರ ಕೂಡದು ಎಂದ. ಬಾಗಿಲಲ್ಲಿ ಬಿದ್ದದ್ದಕ್ಕೆ ಬೆಲೆಯಿಲ್ಲ, ಕತ್ತರಿ ಹುಡುಕಿ, ಅಂಚೆಚೀಟಿ ಹಚ್ಚಿ ಕೇಳಿದವನಿಗೇ ಅದರ ಮೇಲೆ ಮನಸ್ಸಿರುವುದು ಎಂಬ ಲೆಕ್ಕ. ಹಾಗೆಂದು ಮಾದರಿಗೆ ಹತ್ತು ಸೆಂಟು ಕೇಳಿದರೆ? ಕಾಗದಗಳು ಇಳಿದು, ಬಂದ ಒಂದೊಂದು ಕಾಗದಕ್ಕೂ ತಗಲುವ ಖರ್ಚು ಏರುತ್ತದೆ. 1923ರಲ್ಲಿ ಬಂದ ಅವನ ಪುಟ್ಟ ಪುಸ್ತಕ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ನಲ್ಲಿ ನಾನು ಹಿಡಿದುಕೊಂಡದ್ದು ಇಷ್ಟೇ: ಕೇಳುವವನ ಮುಂದೆ ಎಷ್ಟು ತೊಂದರೆ ಇಡಬೇಕು? ಹೆಚ್ಚಿಟ್ಟರೆ ಯಾರೂ ಬರುವುದಿಲ್ಲ, ಇಡದಿದ್ದರೆ ದಾರಿಹೋಕರೆಲ್ಲ ಬರುತ್ತಾರೆ.

ನಮ್ಮಲ್ಲಿ ಈ ತೊಂದರೆಯ ಲೆಕ್ಕ ಬೇರೆ ಥರ ಇತ್ತು. 1877ರಲ್ಲೇ ಇಲ್ಲಿನ ಅಂಚೆ ಇಲಾಖೆ ವಿ.ಪಿ.ಪಿ. ಶುರು ಮಾಡಿತ್ತು. ಮುಂಗಡ ಕೊಡಬೇಕಿಲ್ಲ, ಒಂದು ಕಾರ್ಡು ಬರೆದರೆ ಸಾಕು. ಸಾಮಾನು ಬಂದಾಗ ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ಕೇಳುವವನಿಗೆ ಅತಿ ಸಸಾರ, ಕಳಿಸುವವನಿಗೆ ಪ್ರಾಣಸಂಕಟ. ಉಮೇದಿನಲ್ಲಿ ಕಾರ್ಡು ಬರೆದವನು ಪಾರ್ಸೆಲ್ ಬರುವ ಹೊತ್ತಿಗೆ ಕೈ ಖಾಲಿ ಮಾಡಿಕೊಂಡಿರುತ್ತಿದ್ದ. ವಿ.ಪಿ. ಬಿಡಿಸಿಕೊಳ್ಳದೆ ವಾಪಸು ಹೋದರೆ ಅಂಚೆಯ ಖರ್ಚು ಅಂಗಡಿಯವನ ತಲೆಗೇ. ಒಮ್ಮೆ ನಮ್ಮ ಮನೆಗೆ ಬಂದ ಗೋಡೆ ಗಡಿಯಾರವನ್ನು ಅಜ್ಜಯ್ಯ ಹಾಗೇ ವಾಪಸು ಕಳಿಸಿದ್ದು ನನಗೆ ನೆನಪಿದೆ. ಅಡಿಕೆ ಇನ್ನೂ ಮಾರಾಟವಾಗಿರಲಿಲ್ಲ. ಪೋಸ್ಟ್‌ಮ್ಯಾನ್ ಜಗುಲಿಯಲ್ಲಿ ಕೂತು ಬೆಲ್ಲ-ನೀರು ಕುಡಿದ, ಗಡಿಯಾರ ಮತ್ತೆ ಅವನ ಚೀಲ ಸೇರಿತು. ಕ್ಯಾಶ್ ಆನ್ ಡೆಲಿವರಿಯಲ್ಲಿ ಸಾಮಾನು ವಾಪಸು ಬರುತ್ತದೆಂದು ಈಗಿನ ಅಂಗಡಿಗಳು ಗೋಳಾಡುವಾಗ ನನಗೆ ಆ ಚೀಲವೇ ಕಣ್ಣಿಗೆ ಬರುತ್ತದೆ.

ವೆಬ್ಬು ಹುಟ್ಟಿದಾಗ ಅದರಲ್ಲಿ ಕೂಪನ್ ಇರಲಿಲ್ಲ. ಓದಬಹುದಿತ್ತು, ಬರೆದು ಕಳಿಸಲು ಜಾಗವಿರಲಿಲ್ಲ. 1993ರ ಹೊತ್ತಿಗೆ ಮೊಸಾಯಿಕ್ ಬ್ರೌಸರಿಗೆ ಫಾರ್ಮುಗಳು ಬಂದವು. 1995ರ ನವೆಂಬರಿನಲ್ಲಿ ಎಚ್‌ಟಿಎಂಎಲ್ 2.0 ಅವುಗಳಿಗೆ ಅಧಿಕೃತ ಜಾಗ ಕೊಟ್ಟಿತು. ನಡುವೆ, 1994ರ ಅಕ್ಟೋಬರ್ 27ರಂದು, ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯ ಪಟ್ಟಿ ಜಾಹೀರಾತು ಕಾಣಿಸಿಕೊಂಡಿತು. ನೋಡಿದವರಲ್ಲಿ ನೂರಕ್ಕೆ 44 ಮಂದಿ ಒತ್ತಿದರು ಎಂಬುದು ಆ ಜಾಹೀರಾತಿನ ಖ್ಯಾತಿ. ನನಗೆ ಕುತೂಹಲ ಒತ್ತಿದ ಮೇಲೆ ಏನಾಯಿತು ಎಂಬುದರ ಬಗ್ಗೆ. ತೆರೆದುಕೊಂಡದ್ದು ಟೆಲಿಫೋನಿನ ದರಪಟ್ಟಿಯಲ್ಲ, ಜಗತ್ತಿನ ಕಲಾಸಂಗ್ರಹಾಲಯಗಳಿಗೆ ದಾರಿ ತೋರಿಸುವ ಪುಟ. ಬಂದವನಿಗೆ ಏನಾದರೂ ಕೊಟ್ಟು ಕಳಿಸೋಣ ಎಂಬ ಧಾರಾಳ. ಈಗಿನ ನನ್ನ ಗಿರಾಕಿಗಳಿಗೆ ಅಂಥ ಪುಟ ತೋರಿಸಿದರೆ ಬಿಲ್ಲಿಗೇ ಕತ್ತರಿ ಬೀಳುತ್ತದೆ.

ನನ್ನ ಮೊದಲ ಲ್ಯಾಂಡಿಂಗ್ ಪೇಜು 2006ರದು. ಊರಾಚೆ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಒಬ್ಬ ಬಿಲ್ಡರಿಗೆ ಮಾಡಿದ್ದು. ಫಾರ್ಮಿನಲ್ಲಿ ಹದಿನಾಲ್ಕು ಚೌಕಗಳಿದ್ದವು: ಹೆಸರು, ಹೆಂಡತಿಯ ಉದ್ಯೋಗ, ತಿಂಗಳ ವರಮಾನ, ಈಗಿರುವ ಮನೆಯ ಬಾಡಿಗೆ, ಹೀಗೆ. ಬೀಗರ ಮನೆಯವರೂ ಇಷ್ಟು ವಿಚಾರಿಸುವುದಿಲ್ಲ. ಎರಡು ವಾರದಲ್ಲಿ ಬಂದದ್ದು ಮೂರು ಹೆಸರು. ಅವುಗಳಲ್ಲಿ ಒಂದು, ಫಾರ್ಮು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿದ ಬಿಲ್ಡರನ ಅಕೌಂಟೆಂಟನದು. ಸಿಟ್ಟಿನಿಂದ ಹನ್ನೆರಡು ಚೌಕ ಕಿತ್ತು ಹಾಕಿದೆ, ಹೆಸರು ಮತ್ತು ಮೊಬೈಲ್ ಉಳಿಸಿಕೊಂಡೆ. ಲೀಡುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಆಮೇಲೆ ಸೈಟಿನ ಸೇಲ್ಸ್ ಹುಡುಗ ಫೋನು ಮಾಡಿ, “ಮೇಡಂ, ಒಬ್ಬರು ಮನೆ ಬಾಡಿಗೆಗಾ ಅಂತಾರೆ, ಒಬ್ಬರು ರಾಂಗ್ ನಂಬರ್ ಅಂತಾರೆ, ಇನ್ನೊಬ್ಬರು ಕ್ಲಾಸಿನಲ್ಲಿದ್ದೀನಿ ಅಂಕಲ್ ಅಂತಾರೆ” ಎಂದ. ಕಡೆಗೆ ‘ಯಾವಾಗ ಮನೆ ನೋಡಲು ಬರುತ್ತೀರಿ’ ಎಂಬ ಒಂದೇ ಒಂದು ಚೌಕವನ್ನು ವಾಪಸು ತಂದೆ. ಲೀಡು ಕಡಿಮೆಯಾದವು, ಸೈಟಿಗೆ ಬರುವ ಕಾರುಗಳು ಹೆಚ್ಚಾದವು. ಹಾಪ್ಕಿನ್ಸನ ಪುಸ್ತಕವನ್ನು ಆಗಿನ್ನೂ ನಾನು ಓದಿರಲಿಲ್ಲ.

ಇಂಥ ಪರೀಕ್ಷೆಗಳಲ್ಲಿ ಎಲ್ಲರೂ ಹೇಳುವ ಕತೆ ಒಬಾಮರದು. 2007ರ ಡಿಸೆಂಬರಿನಲ್ಲಿ ಅವರ ಚುನಾವಣಾ ಪ್ರಚಾರದ ಮುಖಪುಟವನ್ನು ಡ್ಯಾನ್ ಸಿರೋಕರ್ ಮತ್ತು ಸಂಗಡಿಗರು ಪರೀಕ್ಷೆಗೊಡ್ಡಿದರು. ನಾಲ್ಕು ಬಟನ್, ಆರು ಚಿತ್ರ-ವಿಡಿಯೊ, ಒಟ್ಟು 24 ಜೋಡಿ. ಒಂದು ವಿಡಿಯೊ ಗೆದ್ದೇ ಗೆಲ್ಲುತ್ತದೆಂದು ಪ್ರಚಾರದವರೆಲ್ಲ ನಂಬಿದ್ದರು. ವಿಡಿಯೊಗಳು ಫೋಟೊಗಳಿಗೆ ಸೋತವು. ಗೆದ್ದದ್ದು ಹೆಂಡತಿ ಮಕ್ಕಳೊಂದಿಗಿನ ಫೋಟೊ, ಅದರ ಕೆಳಗೆ ‘ಇನ್ನಷ್ಟು ತಿಳಿಯಿರಿ’ ಎಂಬರ್ಥದ ಬಟನ್. ಹೆಸರು ಕೊಟ್ಟವರು 8.26 ಶೇಕಡದಿಂದ 11.6ಕ್ಕೆ ಏರಿದರು. ‘ನೋಂದಾಯಿಸಿ’ ಎಂದರೆ ಹೆಗಲಿಗೆ ಏನೋ ಹೊರೆ ಬಂದಂತಾಗುತ್ತದೆ, ‘ತಿಳಿಯಿರಿ’ ಎಂದರೆ ಇಲ್ಲ. ಕೇಳಿದ್ದು ಮಾತ್ರ ಎರಡರಲ್ಲೂ ಅದೇ ಈಮೇಲ್.

ತೊಂದರೆಯನ್ನು ಸೊನ್ನೆಗೆ ಇಳಿಸಿದವರು ನಮ್ಮವರೇ. ಕರೆಗೆ ದುಡ್ಡು ಬೀಳುತ್ತಿತ್ತು, ಮಿಸ್ಡ್ ಕಾಲಿಗೆ ಇಲ್ಲ. ‘ಮನೆ ಮುಟ್ಟಿದೆ’ ಅನ್ನಲು ಒಂದು ರಿಂಗು, ‘ಕೆಳಗೆ ಬಾ’ ಅನ್ನಲು ಎರಡು ಎಂದು ಇಡೀ ದೇಶವೇ ಭಾಷೆ ಕಟ್ಟಿಕೊಂಡಿತ್ತು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಪ್‌ಡಯಲ್ ಅದನ್ನೇ ವ್ಯಾಪಾರ ಮಾಡಿತು. ಜಾಹೀರಾತಿನಲ್ಲಿ ಒಂದು ನಂಬರ್. ನೀವು ಮಿಸ್ಡ್ ಕಾಲ್ ಕೊಟ್ಟರಾಯಿತು, ನಿಮ್ಮ ನಂಬರು ಅವರ ಕೈ ಸೇರಿತು. ಪುಟ ಬೇಡ, ಫಾರ್ಮು ಬೇಡ, ಅಕ್ಷರವೂ ಬೇಡ. 2015ರ ಜನವರಿಯಲ್ಲಿ ಟ್ವಿಟರ್ ಆ ಕಂಪನಿಯನ್ನು ಕೊಂಡುಕೊಂಡಿತು. ನನ್ನ ಕಸುಬಿನಲ್ಲಿ ಇಷ್ಟು ಜಾಣತನದ್ದು ಇನ್ನೊಂದಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಆದರೆ ಹೆಸರು ಕೊಡುವುದು ಸುಲಭವಾದಷ್ಟೂ ಅದು ಕೈಯಿಂದ ಕೈಗೆ ದಾಟುವುದೂ ಸುಲಭ. ಇದೂ ಹಳೆಯದೇ. 1905ರಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಎಂಬ ಪತ್ರಕರ್ತ ‘ಕೋಲಿಯರ್ಸ್’ ವಾರಪತ್ರಿಕೆಯಲ್ಲಿ ನಕಲಿ ಔಷಧಿ ಕಂಪನಿಗಳ ಬಣ್ಣ ಬಯಲು ಮಾಡುತ್ತ ಇದನ್ನೂ ಬರೆದ: ಗುಟ್ಟಾಗಿಡುತ್ತೇವೆ ಎಂಬ ಮಾತನ್ನು ನಂಬಿ ರೋಗಿಗಳು ಬರೆದ ಕಾಗದಗಳನ್ನು ಕಂತೆ ಕಟ್ಟಿ ಮಾರುವ ದಲ್ಲಾಳಿಗಳೇ ಇದ್ದರು. ಈಗ ಸಾಲದ ಒಂದು ಫಾರ್ಮು ತುಂಬಿ ನೋಡಿ, ಊಟಕ್ಕೆ ಕೂರುವುದರೊಳಗೆ ಫೋನು ಬಡಿದುಕೊಳ್ಳುತ್ತದೆ. 2007ರಲ್ಲಿ ‘ಕರೆ ಬೇಡ’ ಎನ್ನುವವರ ರಾಷ್ಟ್ರೀಯ ಪಟ್ಟಿ ಬಂತು, 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು. ಒಪ್ಪಿಗೆಯ ಚೌಕಕ್ಕೆ ಮೊದಲೇ ಟಿಕ್ ಹಾಕಿ ಇಡಿ ಎಂದು ಗಿರಾಕಿಗಳು ಈಗಲೂ ಕೇಳುತ್ತಾರೆ. ಬೇಡವೆಂದು ಜಗಳವಾಡಿ ಎರಡು ಕೆಲಸ ಕಳೆದುಕೊಂಡಿದ್ದೇನೆ; ಜಗಳವಾಡದೆ ಮಾಡಿಕೊಟ್ಟ ಕೆಲಸಗಳ ಸಂಖ್ಯೆಯನ್ನು ಇಲ್ಲಿ ಹೇಳುವುದಿಲ್ಲ.

ಅಜ್ಜಯ್ಯನ ಟ್ರಂಕು ಈಗ ನನ್ನ ಬಳಿ ಇದೆ. ಅವರು ಮೊದಲು ಕಾಗದ ಬರೆದದ್ದು ಪುಣೆಯ ಒಂದು ಬೀಜದ ಕಂಪನಿಗೆ, ಹೂಕೋಸಿನ ಬೀಜದ ಕ್ಯಾಟಲಾಗಿಗಾಗಿ. ಆಮೇಲೆ ತಾವಾಗಿಯೇ ಒಂದೊಂದಾಗಿ ಬಂದವು: ಪಂಪ್‌ಸೆಟ್ಟಿನವರದು, ರೇಡಿಯೋದವರದು, ಕೂದಲ ಎಣ್ಣೆಯವರದು. “ನಾನು ಬರೆಯದೆಯೇ ನನ್ನ ಹೆಸರು ಬೊಂಬಾಯಿಯವರೆಗೆ ಗೊತ್ತು ನೋಡು” ಎಂದು ಬಂದವರಿಗೆಲ್ಲ ಲಕೋಟೆ ತೋರಿಸುತ್ತಿದ್ದರು. ಹೋದ ತಿಂಗಳು ಅವನ್ನೆಲ್ಲ ಹೊರಗೆ ತೆಗೆದು ಚಾಪೆಯ ಮೇಲೆ ಹರಡಿ ನೋಡಿದೆ. ಬೀಜದ ಕಂಪನಿಯವರು ವಿಳಾಸ ಟೈಪು ಮಾಡುವಾಗ ನಮ್ಮೂರಿನ ಹೆಸರಿನಲ್ಲಿ ಒಂದಕ್ಷರ ಬಿಟ್ಟಿದ್ದರು. ಹನ್ನೊಂದು ಲಕೋಟೆಗಳಲ್ಲೂ ಅದೇ ಅಕ್ಷರ ಇರಲಿಲ್ಲ.